ಪಿಲ್ಲರ್, ಬೀಮ್ ಸೇರುವ ಜಾಗ: ಮೋಲ್ಡ್ ಹಾಕುವ ಮುಂಚೆ ನೋಡಲೇಬೇಕಾದ ಸಂಗತಿಗಳು

"ಜಾಯಿಂಟ್ ಒಳಗೆ ರಿಂಗ್ ಬೇಡ ಅಂತ ಮೇಸ್ತ್ರಿ ಹೇಳ್ತಾರೆ, ಬೇಕೇ ಬೇಕು ಅಂತ ಇಂಜಿನಿಯರ್ ಹೇಳ್ತಾರೆ. ಯಾರ ಮಾತು ಕೇಳೋದು?" "ಎರಡು ಮಹಡಿಗೆ 9 ಇಂಚಿನ ಚೌಕ ಪಿಲ್ಲರ್ ಸಾಕಲ್ವಾ?" "ಬೀಮ್ ಕಂಬಿಯನ್ನು ಪಿಲ್ಲರ್ ಒಳಗೆ ಎಷ್ಟು ಉದ್ದ ಮಡಚಬೇಕು?"

ಮನೆ ಕಟ್ಟಿಸುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೂರೂ ಒಂದೇ ಜಾಗದ ಬಗ್ಗೆ. ಪಿಲ್ಲರ್ ಮತ್ತು ಬೀಮ್ ಒಂದರೊಳಗೊಂದು ಹಾದುಹೋಗುವ, ಒಂದಡಿ ಚಿಲ್ಲರೆ ಅಳತೆಯ ಆ ಕಾಂಕ್ರೀಟ್ ತುಂಡನ್ನು ಜಾಯಿಂಟ್ ಎನ್ನುತ್ತಾರೆ. ಮೊದಲ ಪ್ರಶ್ನೆಗೆ ಉತ್ತರ ಈಗಲೇ ಹೇಳುತ್ತೇನೆ: ಇಂಜಿನಿಯರ್ ಮಾತೇ ಸರಿ, ರಿಂಗ್, ಅಂದರೆ ಪಿಲ್ಲರ್‌ನ ಉದ್ದಕಂಬಿಗಳನ್ನು ಸುತ್ತಿ ಹಿಡಿಯುವ ಸಣ್ಣ ಕಂಬಿಯ ಕಟ್ಟು, ಬೇಕು. ಯಾಕೆ, ಎಷ್ಟು, ಅದನ್ನು ಹಾಕುವುದು ಹೇಗೆ ಅನ್ನುವುದಕ್ಕೆ ಮುಂದೆ ಓದಿ.

ಮೊದಲು ಒಳಗೆ ಏನಾಗುತ್ತದೆ ಅಂತ ತಿಳಿಯಿರಿ

ಹಳೆಯ ಮಂಚ ಅಲುಗಾಡಿದರೆ ಕಾಲು ಮುರಿದಿರುವುದಿಲ್ಲ, ಪಟ್ಟಿಯೂ ಮುರಿದಿರುವುದಿಲ್ಲ. ಎರಡೂ ಸೇರುವ ಜಾಗ ಸಡಿಲವಾಗಿರುತ್ತದೆ. ಕಟ್ಟಡದಲ್ಲೂ ಹಾಗೇ ಆಗುತ್ತದೆ.

ಕಟ್ಟಡ ಸುಮ್ನೆ ನಿಂತಿರುವಾಗ ಜಾಯಿಂಟ್‌ಗೆ ಅಂಥ ಕಷ್ಟ ಇರುವುದಿಲ್ಲ. ಮೇಲಿನ ಭಾರ ಪಿಲ್ಲರ್ ಮೂಲಕ ನೇರ ಕೆಳಗೆ ಇಳಿಯುತ್ತದೆ. ಭೂಮಿ ಅಲುಗಿದಾಗ ಮಾತ್ರ ಆಟ ಬದಲಾಗುತ್ತದೆ. ಕಟ್ಟಡ ಅತ್ತಿತ್ತ ಓಲಾಡುತ್ತದೆ. ಒಂದು ಕಡೆಯ ಬೀಮ್‌ನ ಮೇಲಿನ ಕಂಬಿ ಜಾಯಿಂಟನ್ನು ತನ್ನ ಕಡೆ ಎಳೆಯುತ್ತದೆ. ಇನ್ನೊಂದು ಕಡೆಯ ಬೀಮ್ ಅದೇ ಎತ್ತರದಲ್ಲಿ ಜಾಯಿಂಟನ್ನು ಅದೇ ದಿಕ್ಕಿಗೆ ತಳ್ಳುತ್ತದೆ. ಕೆಳಗಿನ ಮಟ್ಟದಲ್ಲಿ ಇದೆಲ್ಲಾ ಉಲ್ಟಾ. ಹೀಗೆ ಮೇಲ್ಭಾಗ ಒಂದು ಕಡೆ, ಕೆಳಭಾಗ ಇನ್ನೊಂದು ಕಡೆ ಜಾರಲು ಹೊರಡುತ್ತದೆ. ಹೀಗೆ ಜಾರಿಸುವ ಬಲಕ್ಕೆ ಶಿಯರ್ ಎನ್ನುತ್ತಾರೆ. ಚೌಕವಾಗಿದ್ದ ಕಾಂಕ್ರೀಟ್ ವಾಲಿದ ಚೌಕ ಆಗಲು ನೋಡುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಬಿರುಕು ಬೀಳುತ್ತದೆ. ಓಲಾಟ ತಿರುಗಿದಾಗ ಇನ್ನೊಂದು ಓರೆ ಬಿರುಕು. ಭೂಕಂಪ ಆದ ಊರುಗಳಲ್ಲಿ ಜಾಯಿಂಟ್ ಮೇಲೆ ಕಾಣುವ ಗುಣಾಕಾರ ಚಿಹ್ನೆಯ ಬಿರುಕು ಇದೇ.

ಆ ಬಿರುಕು ಬಾಯಿ ಬಿಡದಂತೆ ಹಿಡಿಯುವುದು ಜಾಯಿಂಟ್ ಒಳಗಿನ ರಿಂಗ್‌ಗಳು. ರಿಂಗ್ ಇಲ್ಲದಿದ್ದರೆ ಕಾಂಕ್ರೀಟ್ ಪುಡಿಯಾಗಿ ಉದುರುತ್ತದೆ, ಪಿಲ್ಲರ್ ಕಂಬಿ ಹೊರಗೆ ಬಾಗುತ್ತದೆ, ಮೇಲಿನ ಮಹಡಿ ಕೆಳಗೆ ಕೂರುತ್ತದೆ. ನಾಲ್ಕೂ ಕಡೆ ಬೀಮ್ ಇರುವ ಒಳಗಿನ ಜಾಯಿಂಟ್‌ಗೆ ಬೀಮ್‌ಗಳೇ ಸ್ವಲ್ಪ ಆಸರೆ ಕೊಡುತ್ತವೆ. ಮನೆಯ ಮೂಲೆಯ ಜಾಯಿಂಟ್‌ಗೆ ಎರಡು ಕಡೆ ಆಸರೆಯೇ ಇಲ್ಲ. ಹಾಗಾಗಿ ಸೈಟಿನಲ್ಲಿ ನಿಮಗೆ ಸಮಯ ಕಮ್ಮಿ ಇದ್ದರೆ ಮೂಲೆ ಪಿಲ್ಲರ್‌ಗಳನ್ನೇ ಮೊದಲು ನೋಡಿ.

ಕೈಯಲ್ಲಿ ಏನೇನು ಇರಬೇಕು

ಸ್ಟ್ರಕ್ಚರಲ್ ಡ್ರಾಯಿಂಗ್ ಬೇಕು. ಕೋಣೆ, ಬಾಗಿಲು ತೋರಿಸುವ ಆರ್ಕಿಟೆಕ್ಟ್ ಪ್ಲಾನ್ ಸಾಲದು. ಪಿಲ್ಲರ್ ಅಳತೆ, ಬೀಮ್ ಅಳತೆ, ಕಂಬಿಯ ದಪ್ಪ, ರಿಂಗಿನ ಅಂತರ ಎಲ್ಲಾ ಅದರಲ್ಲಿ ಇರಬೇಕು. ಅದರಲ್ಲೇ ಜಾಯಿಂಟ್‌ನ ಚಿತ್ರ ಬೇರೆಯಾಗಿ, ದೊಡ್ಡದಾಗಿ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಅದು ನಿಮ್ಮ ಹಕ್ಕು. ಇದರ ಜೊತೆಗೆ ಕಂಬಿಯ ಟೆಸ್ಟ್ ಸರ್ಟಿಫಿಕೇಟ್, ಒಂದು ಟೇಪು, ಒಂದು ಟಾರ್ಚ್, ಫೋಟೋ ತೆಗೆಯಲು ಫೋನ್.

ಹಂತ 1: ನಿಮ್ಮ ಊರು ಯಾವ ವಲಯದಲ್ಲಿದೆ

ಭೂಕಂಪದ ಅಪಾಯಕ್ಕೆ ತಕ್ಕಂತೆ ದೇಶವನ್ನು ವಲಯಗಳಾಗಿ ಹಂಚುವ ನಿಯಮ ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) 1893. ಅದರ 2016ರ ಆವೃತ್ತಿಯ ಪ್ರಕಾರ ಮಂಗಳೂರು, ಕಾರವಾರ, ಬೆಳಗಾವಿ, ಧಾರವಾಡ, ವಿಜಯಪುರ 3ನೇ ವಲಯದಲ್ಲಿವೆ. ಬೆಂಗಳೂರು, ಮೈಸೂರು, ತುಮಕೂರು, ಚಿತ್ರದುರ್ಗ, ಬಳ್ಳಾರಿ, ರಾಯಚೂರು, ಕಲಬುರಗಿ 2ನೇ ವಲಯ. ನಿಯಮಗಳು ಆಗಾಗ ಬದಲಾಗುತ್ತವೆ. ನಿಮ್ಮ ಡ್ರಾಯಿಂಗ್ ಮಾಡುವ ಹೊತ್ತಿಗೆ ಯಾವುದು ಜಾರಿಯಲ್ಲಿದೆ ಅಂತ ಇಂಜಿನಿಯರ್ ಹತ್ತಿರ ಕೇಳಿ.

ಭೂಕಂಪಕ್ಕೆ ತಕ್ಕ ಹಾಗೆ ಕಂಬಿ ಕಟ್ಟುವುದು ಹೇಗೆ ಅಂತ ಹೇಳುವ ನಿಯಮ ಇನ್ನೊಂದು, ಐಎಸ್ 13920. ಮುಂದೆ ನಾನು ಹೇಳುವ ಹೆಚ್ಚಿನ ಲೆಕ್ಕಗಳು ಅದರ 2016ರ ಆವೃತ್ತಿಯವು. ಜಾಯಿಂಟ್‌ನ ಶಿಯರ್ ಲೆಕ್ಕ ಮಾಡಲೇಬೇಕು ಅನ್ನುವ ಮಾತು ಬಂದಿದ್ದೇ ಆ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ 1993ರ ಆವೃತ್ತಿಯಲ್ಲಿ ಆ ಲೆಕ್ಕ ಇರಲಿಲ್ಲ.

2016ರ ಆವೃತ್ತಿಯ ಪ್ರಕಾರ 3ನೇ ವಲಯದಿಂದ ಮೇಲೆ ಐಎಸ್ 13920 ಕಡ್ಡಾಯ. 2ನೇ ವಲಯದಲ್ಲಿ ಐಚ್ಛಿಕ. ಇಲ್ಲೇ ಜಾಸ್ತಿ ಜನ ಎಡವುವುದು. "ನಮ್ದು ಬೆಂಗಳೂರು, ನಮಗೆ ಬೇಡ" ಅಂತ ಬಿಟ್ಟುಬಿಡುತ್ತಾರೆ. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆಗಿನ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆಯಿತಲ್ಲ, ಆ ಊರು ಆಗಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಮ್ಮಿ ಅಪಾಯದ ವಲಯದಲ್ಲಿತ್ತು. ಅಲ್ಲಿ ಬಿದ್ದಿದ್ದು ಹೆಚ್ಚಾಗಿ ಕಲ್ಲು ಮಣ್ಣಿನ ಮನೆಗಳು, ಆ ಮಾತು ಬೇರೆ. ನಕ್ಷೆಯ ಮೇಲೆ ಎಷ್ಟು ಭರವಸೆ ಇಡಬೇಕು ಅನ್ನುವುದಕ್ಕೆ ಹೇಳಿದೆ. ಎರಡು ಮಹಡಿಯ ಮನೆಯ ಜಾಯಿಂಟ್‌ಗಳಿಗೆ ಬೇಕಾಗುವ ಹೆಚ್ಚುವರಿ ರಿಂಗ್‌ಗಳ ಖರ್ಚು ಒಟ್ಟು ಕಂಬಿ ಖರ್ಚಿನ ಮುಂದೆ ಲೆಕ್ಕಕ್ಕೇ ಬಾರದು. 2ನೇ ವಲಯದಲ್ಲಿದ್ದರೂ ಹಾಕಿಸಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಂತ 2: ಪಿಲ್ಲರ್ ಅಳತೆಗೂ ಬೀಮ್ ಕಂಬಿಗೂ ಹೊಂದಿಕೆ ನೋಡಿ

ಜಾಯಿಂಟ್‌ನ ಅರ್ಧ ಹಣೆಬರಹ ಕಾಗದದ ಮೇಲೇ ತೀರ್ಮಾನ ಆಗುತ್ತದೆ. ಐಎಸ್ 13920 ಪ್ರಕಾರ ಪಿಲ್ಲರ್‌ನ ಚಿಕ್ಕ ಬದಿ 300 ಮಿಲಿಮೀಟರ್‌ಗಿಂತ ಕಮ್ಮಿ ಇರಬಾರದು. ಜೊತೆಗೆ, ಆ ಪಿಲ್ಲರ್ ಒಳಗೆ ಹಾಯುವ ಬೀಮ್ ಕಂಬಿಗಳಲ್ಲಿ ಅತಿ ದಪ್ಪದ್ದು ಯಾವುದೋ ಅದರ 20 ಪಟ್ಟಿಗಿಂತಲೂ ಕಮ್ಮಿ ಇರಬಾರದು.

ಲೆಕ್ಕ ಹಾಕಿ ನೋಡಿ. ಬೀಮ್‌ಗೆ 12 ಮಿಲಿಮೀಟರ್ ಕಂಬಿ ಹಾಕಿದರೆ 240. ಆಗ 300ರ ಪಿಲ್ಲರ್ ಸಾಕು. 16 ಮಿಲಿಮೀಟರ್ ಕಂಬಿ ಹಾಕಿದರೆ 320. ಅಂದರೆ 12 ಇಂಚಿನ ಪಿಲ್ಲರ್ ಕೂಡ ಸಾಲದು! ನಮ್ಮಲ್ಲಿ ಗೋಡೆಯ ದಪ್ಪಕ್ಕೆ ಸರಿಹೋಗಲಿ ಅಂತ ಹಾಕುವ 9 ಇಂಚಿನ, ಅಂದರೆ 230 ಮಿಲಿಮೀಟರಿನ ಬದಿಗೆ 12ರ ಕಂಬಿಯೂ ದಪ್ಪವೇ.

ಯಾಕೆ ಈ ನಿಯಮ? ಕಂಬಿಯನ್ನು ಹಿಡಿದಿರುವುದು ಸುತ್ತಲಿನ ಕಾಂಕ್ರೀಟಿನ ಅಂಟು. ಜಾಯಿಂಟ್ ಒಳಗೆ ಕಂಬಿಯನ್ನು ಒಂದು ತುದಿಯಲ್ಲಿ ಎಳೆದು ಇನ್ನೊಂದು ತುದಿಯಲ್ಲಿ ತಳ್ಳಿದಾಗ, ಪಿಲ್ಲರ್ ಚಿಕ್ಕದಿದ್ದರೆ ಆ ಅಂಟು ಬಿಟ್ಟುಹೋಗಿ ಕಂಬಿ ಒಳಗೇ ಜಾರುತ್ತದೆ. ದಪ್ಪ ಕಂಬಿ ಎರಡು ಹಾಕುವ ಬದಲು ಸಣ್ಣ ಕಂಬಿ ಜಾಸ್ತಿ ಹಾಕುವುದು ಜಾಯಿಂಟ್ ಮಟ್ಟಿಗೆ ಯಾವಾಗಲೂ ಒಳ್ಳೆಯದು. ಆದರೆ ಕಂಬಿಗಳ ನಡುವೆ ಜಲ್ಲಿ ಇಳಿಯಲು ಜಾಗ ಉಳಿಯಬೇಕು, ಅದನ್ನೂ ನೋಡಿಕೊಳ್ಳಿ.

ಇನ್ನೊಂದು ಮಾತು. ಬೀಮ್ ಅಗಲವೂ 9 ಇಂಚು, ಪಿಲ್ಲರ್ ಅಗಲವೂ 9 ಇಂಚು, ಎರಡರ ಮುಖವೂ ಸಮ. ನೋಡಲು ಚೆನ್ನ. ಆದರೆ ಪಿಲ್ಲರ್‌ಗೆ ಕವರ್, ಅಂದರೆ ಕಂಬಿಯಿಂದ ಹೊರಮೈವರೆಗಿನ ಕಾಂಕ್ರೀಟ್ ದಪ್ಪ, 40 ಮಿಲಿಮೀಟರ್. ಬೀಮ್‌ಗೆ ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿ. ಹಾಗಾಗಿ ಬೀಮ್‌ನ ಅಂಚಿನ ಕಂಬಿ ಪಿಲ್ಲರ್‌ನ ಮೂಲೆ ಕಂಬಿಗೆ ಹೋಗಿ ಢಿಕ್ಕಿ ಹೊಡೆಯುತ್ತದೆ. ಕೆಲಸದವರು ಅದನ್ನು ಪಿಲ್ಲರ್ ಕಂಬಿಯ ಹೊರಗಿನಿಂದ ಹಾಯಿಸಿಬಿಡುತ್ತಾರೆ. ಆಗ ಆ ಕಂಬಿ ಇರುವುದು ಬರೀ ಕವರ್‌ನಲ್ಲಿ. ಭೂಕಂಪದಲ್ಲಿ ಮೊದಲು ಉದುರುವುದೇ ಕವರ್. ಬೀಮ್ ಕಂಬಿಗಳೆಲ್ಲಾ ಪಿಲ್ಲರ್ ಕಂಬಿಗಳ ಒಳಗಿನಿಂದಲೇ ಹಾಯಬೇಕು. ಇದಕ್ಕೆ ಪಿಲ್ಲರ್ ಸ್ವಲ್ಪ ಅಗಲ ಇರಬೇಕು, ಇಲ್ಲವೇ ಬೀಮ್ ಕಂಬಿಯನ್ನು ಜಾಯಿಂಟ್‌ಗೆ ಬರುವ ಮುಂಚೆಯೇ ನಿಧಾನವಾಗಿ ಒಳಕ್ಕೆ ಬಾಗಿಸಬೇಕು. 6 ಇಂಚು ಉದ್ದಕ್ಕೆ 1 ಇಂಚಿಗಿಂತ ಜಾಸ್ತಿ ಬಾಗಿಸಬೇಡಿ.

ಹಂತ 3: ಪಿಲ್ಲರ್ ಬೀಮ್‌ಗಿಂತ ಗಟ್ಟಿ ಇದೆಯಾ ಕೇಳಿ

ಬೀಮ್ ಬಗ್ಗಿದರೆ ಒಂದು ಕೋಣೆಗೆ ತೊಂದರೆ. ಪಿಲ್ಲರ್ ಹೋದರೆ ಇಡೀ ಮನೆಗೇ ತೊಂದರೆ. ಅದಕ್ಕೇ ಒಂದು ಜಾಯಿಂಟ್‌ನಲ್ಲಿ ಸೇರುವ ಮೇಲಿನ, ಕೆಳಗಿನ ಪಿಲ್ಲರ್‌ಗಳ ಬಾಗುವಿಕೆ ತಡೆಯುವ ಶಕ್ತಿಯ ಮೊತ್ತ, ಅಲ್ಲಿ ಸೇರುವ ಬೀಮ್‌ಗಳ ಶಕ್ತಿಯ ಮೊತ್ತದ ಕನಿಷ್ಠ 1.4 ಪಟ್ಟು ಇರಬೇಕು ಅನ್ನುತ್ತದೆ ಐಎಸ್ 13920. ಈ ಲೆಕ್ಕ ನೀವು ಮಾಡಬೇಕಿಲ್ಲ. "ಸಾರ್, 1.4 ಪಟ್ಟಿನ ಚೆಕ್ ಮಾಡಿದ್ದೀರಾ?" ಅಂತ ಕೇಳಿ, ಲೆಕ್ಕದ ಹಾಳೆ ತೋರಿಸಲು ಹೇಳಿ.

ಸೈಟಿನಲ್ಲಿ ಇದನ್ನು ಹಾಳು ಮಾಡುವುದು ಒಳ್ಳೆಯ ಉದ್ದೇಶದಿಂದಲೇ. "ಇರಲಿ ಗಟ್ಟಿಯಾಗಲಿ" ಅಂತ ಬೀಮ್‌ಗೆ ಒಂದೆರಡು ಕಂಬಿ ಜಾಸ್ತಿ ಹಾಕಿಬಿಡುತ್ತಾರೆ. ಬೀಮ್ ಪಿಲ್ಲರ್‌ಗಿಂತ ಬಲವಾಗುತ್ತದೆ, ಜಾಯಿಂಟ್ ಮೇಲೆ ಬೀಳುವ ಎಳೆತವೂ ಹೆಚ್ಚುತ್ತದೆ. ಡ್ರಾಯಿಂಗ್‌ನಲ್ಲಿ ಇರುವುದಕ್ಕಿಂತ ಒಂದು ಕಂಬಿ ಜಾಸ್ತಿ ಹಾಕುವುದಿದ್ದರೂ ಇಂಜಿನಿಯರನ್ನು ಕೇಳಿಯೇ ಹಾಕಿ.

ಹಂತ 4: ಜಾಯಿಂಟ್ ತಡೆಯುತ್ತದಾ? ಒಂದು ಲೆಕ್ಕ ನೋಡೋಣ

ಇದೊಂದು ಹಂತವನ್ನು ನಿಧಾನವಾಗಿ ಓದಿ. 9 ಇಂಚಿನ ಚೌಕ ಪಿಲ್ಲರ್ ಯಾಕೆ ಬೇಡ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ಮನೆಯ ಅಂಚಿನ ಒಂದು ಜಾಯಿಂಟ್ ತೆಗೆದುಕೊಳ್ಳಿ. ಒಂದು ದಿಕ್ಕಿನಿಂದ 230 ಮಿಲಿಮೀಟರ್ ಅಗಲ, 450 ಎತ್ತರದ ಬೀಮ್ ಬಂದು ಸೇರುತ್ತಿದೆ. ಅದರ ಮೇಲಿನ ಕಂಬಿಗಳು 16 ಮಿಲಿಮೀಟರಿನವು, ಮೂರು. ಕಂಬಿ ಎಫ್‌ಇ 500 ದರ್ಜೆಯದು, ಅಂದರೆ ಪ್ರತಿ ಚದರ ಮಿಲಿಮೀಟರಿಗೆ 500 ನ್ಯೂಟನ್ ಎಳೆತ ತಡೆಯುವಂಥದ್ದು. ಮಹಡಿಯ ಎತ್ತರ 3 ಮೀಟರ್.

ಮೂರು ಕಂಬಿಗಳ ಒಟ್ಟು ಕೊಯ್ತದ ವಿಸ್ತೀರ್ಣ ಸುಮಾರು 603 ಚದರ ಮಿಲಿಮೀಟರ್. ಕಂಬಿ ತನ್ನ ಹೆಸರಿನ ಬಲಕ್ಕಿಂತ ಹೆಚ್ಚೇ ಎಳೆಯಬಹುದು ಅಂತ ಜಾಯಿಂಟ್ ಲೆಕ್ಕದಲ್ಲಿ 1.25 ಪಟ್ಟು ಹಿಡಿಯುತ್ತಾರೆ. 603 × 500 × 1.25 ಅಂದರೆ ಸುಮಾರು 377 ಕಿಲೋನ್ಯೂಟನ್. 10 ಕಿಲೋನ್ಯೂಟನ್ ಅಂದರೆ ಹೆಚ್ಚೂ ಕಮ್ಮಿ 1 ಟನ್ ಭಾರ. ಪಿಲ್ಲರ್ ತನ್ನ ಕಡೆಯಿಂದ ಉಲ್ಟಾ ದಿಕ್ಕಿಗೆ ಸುಮಾರು 43 ಕಿಲೋನ್ಯೂಟನ್ ಕೊಡುತ್ತದೆ. ಅದನ್ನು ಕಳೆದರೆ ಜಾಯಿಂಟ್ ತಡೆಯಬೇಕಾದ ಶಿಯರ್ ಸುಮಾರು 334 ಕಿಲೋನ್ಯೂಟನ್. ಅಂದರೆ 33 ಟನ್ ಮೇಲೆ!

ಈಗ ತಡೆಯುವ ಶಕ್ತಿ. ಜಾಯಿಂಟ್‌ನ ಪರಿಣಾಮಕಾರಿ ವಿಸ್ತೀರ್ಣವನ್ನು, ಅಂದರೆ ಪಿಲ್ಲರ್ ಕೊಯ್ತದಲ್ಲಿ ಶಿಯರ್ ತಡೆಯಲು ಲೆಕ್ಕಕ್ಕೆ ಬರುವ ಭಾಗವನ್ನು, ಕಾಂಕ್ರೀಟ್ ದರ್ಜೆಯ ವರ್ಗಮೂಲದಿಂದ ಗುಣಿಸಬೇಕು. ಎಂ ಪಕ್ಕದ ಅಂಕಿಯೇ ಕಾಂಕ್ರೀಟಿನ ಬಲದ ದರ್ಜೆ. ಎಂ25 ಕಾಂಕ್ರೀಟಿಗೆ ವರ್ಗಮೂಲ 5, ಎಂ20ಗೆ 4.47. ಅದರ ಮೇಲೆ ಒಂದು ಅಂಕಿ. ನಾಲ್ಕೂ ಕಡೆ ಬೀಮ್ ಹಿಡಿದಿದ್ದರೆ 1.5, ಮೂರು ಕಡೆ ಅಥವಾ ಎದುರುಬದುರು ಎರಡು ಕಡೆ ಇದ್ದರೆ 1.2, ಉಳಿದದ್ದಕ್ಕೆಲ್ಲಾ 1. ನಮ್ಮದಕ್ಕೆ 1 ಹಿಡಿಯೋಣ.

9 × 9 ಇಂಚಿನ ಪಿಲ್ಲರ್, ಎಂ20: ಸುಮಾರು 237 ಕಿಲೋನ್ಯೂಟನ್. ಸಾಲದು.
9 × 9, ಎಂ25: ಸುಮಾರು 265. ಸಾಲದು.
9 × 12, ಎಂ20: ಸುಮಾರು 309. ಸಾಲದು.
9 × 12, ಎಂ25: 345. ಕೂದಲೆಳೆಯಲ್ಲಿ ಪಾಸು.
12 × 18, ಎಂ25, ಬೀಮ್ 12 ಇಂಚಿನ ದಿಕ್ಕಿನಲ್ಲಿ ಸೇರಿದರೂ: 570. ಆರಾಮ.

9 × 12 ಪಾಸಾಯ್ತಲ್ಲ ಅಂತ ಖುಷಿಪಡಬೇಡಿ. 16ರ ಕಂಬಿಗೆ 320 ಮಿಲಿಮೀಟರ್ ಬೇಕು ಅನ್ನುವ ಹಂತ 2ರ ನಿಯಮದಲ್ಲಿ ಅದು ಆಗಲೇ ಫೇಲು. ಎಲ್ಲಾ ಚೆಕ್‌ಗಳೂ ಒಟ್ಟಿಗೆ ಪಾಸಾಗಬೇಕು.

ಈ ಲೆಕ್ಕದಲ್ಲಿ ಒಂದು ಗಮನಿಸಿ. ರಿಂಗ್ ಎಷ್ಟು ಹಾಕಿದಿರಿ ಅನ್ನುವುದು ಎಲ್ಲೂ ಬರಲಿಲ್ಲ. ಪಿಲ್ಲರ್ ಚಿಕ್ಕದಾಗಿ ಜಾಯಿಂಟ್ ಫೇಲಾದರೆ ರಿಂಗ್ ಜಾಸ್ತಿ ಹಾಕಿ ಅದನ್ನು ಪಾಸು ಮಾಡಲು ಆಗುವುದಿಲ್ಲ. ಪಿಲ್ಲರ್ ದೊಡ್ಡದು ಮಾಡಬೇಕು, ಕಾಂಕ್ರೀಟ್ ದರ್ಜೆ ಏರಿಸಬೇಕು, ಅಥವಾ ಬೀಮ್ ಎತ್ತರ ಹೆಚ್ಚಿಸಿ ಅದರ ಕಂಬಿ ಕಮ್ಮಿ ಮಾಡಬೇಕು. ಈ ಶಕ್ತಿ ನಿಜವಾಗಿ ಸಿಗಬೇಕಾದರೆ ಒಳಗಿನ ಕಾಂಕ್ರೀಟ್ ಚದುರದೆ ಒಟ್ಟಿಗಿರಬೇಕು. ಆ ಕೆಲಸ ರಿಂಗ್‌ಗಳದ್ದು.

ಕೆಳಗೆ ಪಾರ್ಕಿಂಗ್, ಮೇಲೆ ಮನೆ ಅನ್ನುವ ನಮೂನೆ ನಿಮ್ಮದಾದರೆ ಇನ್ನೂ ಎಚ್ಚರ ಬೇಕು. ಕೆಳಗೆ ಗೋಡೆಗಳಿಲ್ಲದ ಕಾರಣ ಓಲಾಟವೆಲ್ಲಾ ಆ ಒಂದೇ ಅಂತಸ್ತಿನ ಪಿಲ್ಲರ್‌ಗಳ ಮೇಲೆ ಬೀಳುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನಲ್ಲೂ ಅಪಾರ್ಟ್‌ಮೆಂಟ್‌ಗಳು ಕುಸಿದವು. ಅವುಗಳಲ್ಲಿ ಹೀಗೆ ಕೆಳ ಅಂತಸ್ತು ತೆರೆದಿದ್ದವು ಬಹಳ.

ಹಂತ 5: ಬೀಮ್ ಕಂಬಿಯ ಎಲ್ ಎಷ್ಟು ಉದ್ದ

ಅಂಚಿನ ಪಿಲ್ಲರ್‌ನಲ್ಲಿ ಬೀಮ್ ಕಂಬಿ ಮುಗಿಯುತ್ತದೆ. ಅಲ್ಲಿ ಅದನ್ನು ಎಲ್ ಆಕಾರಕ್ಕೆ ಮಡಚುತ್ತಾರೆ. ಕಂಬಿ ಕಿತ್ತು ಬರದಂತೆ ಕಾಂಕ್ರೀಟ್ ಒಳಗೆ ಇರಬೇಕಾದ ಉದ್ದಕ್ಕೆ ಡೆವಲಪ್‌ಮೆಂಟ್ ಲೆಂಗ್ತ್ ಎನ್ನುತ್ತಾರೆ. ಎಫ್‌ಇ 500 ಕಂಬಿಗೆ ಎಂ25 ಕಾಂಕ್ರೀಟಿನಲ್ಲಿ ಇದು ಕಂಬಿಯ ದಪ್ಪದ ಸುಮಾರು 49 ಪಟ್ಟು, ಎಂ20ಯಲ್ಲಿ 57 ಪಟ್ಟು. ಐಎಸ್ 13920 ಇದಕ್ಕೆ ಇನ್ನೂ 10 ಪಟ್ಟು ಸೇರಿಸಲು ಹೇಳುತ್ತದೆ. 90 ಡಿಗ್ರಿ ಮಡಿಕೆಗೆ 8 ಪಟ್ಟು ಕಳೆಯಬಹುದು.

ಎಂ25ರಲ್ಲಿ 12ರ ಕಂಬಿಗೆ ಒಟ್ಟು ಸುಮಾರು 610 ಮಿಲಿಮೀಟರ್ ಆಯಿತು. 300ರ ಪಿಲ್ಲರ್‌ನಲ್ಲಿ ಕವರ್, ರಿಂಗ್, ಪಿಲ್ಲರ್ ಕಂಬಿ ಕಳೆದರೆ ಅಡ್ಡಕ್ಕೆ ಸಿಗುವುದು ಸುಮಾರು 240. ಉಳಿದ 370 ಮಿಲಿಮೀಟರ್ ಎಲ್‌ನ ಕಾಲು. 450 ಎತ್ತರದ ಬೀಮ್ ಒಳಗೆ ಇದು ಕೂರುತ್ತದೆ. 16ರ ಕಂಬಿಗೆ ಒಟ್ಟು 810 ಮಿಲಿಮೀಟರ್, ಎಲ್‌ನ ಕಾಲು ಸುಮಾರು 570. ಬೀಮ್ ಎತ್ತರ ಮೀರಿ ಕೆಳಗಿನ ಪಿಲ್ಲರ್‌ಗೆ ಇಳಿಯುತ್ತದೆ. ಹಂತ 2ರಲ್ಲಿ ಸಣ್ಣ ಕಂಬಿ ಒಳ್ಳೆಯದು ಅಂದೆನಲ್ಲ, ಅದರ ಲಾಭ ಇಲ್ಲೂ ಕಾಣುತ್ತದೆ.

ಸೈಟಿನಲ್ಲಿ ನೋಡಬೇಕಾದ್ದು:

ಮೇಲಿನ ಕಂಬಿ ಕೆಳಕ್ಕೆ ಮಡಚಿರಬೇಕು, ಕೆಳಗಿನ ಕಂಬಿ ಮೇಲಕ್ಕೆ. ಮೇಲಿನದನ್ನು ಮೇಲಕ್ಕೆ ತಿರುಗಿಸಿ ಮುಂದಿನ ಮಹಡಿಯ ಪಿಲ್ಲರ್ ಒಳಗೆ ಬಿಡುವುದು ತಪ್ಪು.

ಎಲ್ ಮಡಿಕೆ ಪಿಲ್ಲರ್‌ನ ಆಚೆ ಬದಿಯ ಕಂಬಿಗಳ ಹತ್ತಿರ ಇರಬೇಕು. ಪಿಲ್ಲರ್‌ನ ನಡುವಲ್ಲೇ ಮಡಚಿದರೆ ಓರೆ ಬಲಕ್ಕೆ ಆನಿಕೆ ಸಿಗದೆ ಜಾಯಿಂಟ್ ಬೇಗ ಒಡೆಯುತ್ತದೆ. ಟೇಪು ಹಿಡಿದು ಅಳೆಯಿರಿ.

ಕೆಳಗಿನ ಕಂಬಿಯನ್ನು ಪಿಲ್ಲರ್ ಒಳಗೆ ಬರೀ 4-6 ಇಂಚು ತೂರಿಸಿ ಬಿಡುವ ಹಳೇ ಅಭ್ಯಾಸ ಇನ್ನೂ ಇದೆ. ಭಾರ ಹೊರಲು ಅದು ನಡೆದೀತು. ಓಲಾಟದಲ್ಲಿ ಕೆಳಗಿನ ಕಂಬಿಗೂ ಎಳೆತ ಬರುತ್ತದೆ, ಆಗ ಅದು ಕಿತ್ತುಬರುತ್ತದೆ. ಮೇಲಿನದಕ್ಕೆ ಇರುವ ನಿಯಮವೇ ಕೆಳಗಿನದಕ್ಕೂ.

ಹಂತ 6: ಜಾಯಿಂಟ್ ಒಳಗೆ ರಿಂಗ್ ಹಾಕುವ ಕ್ರಮ

ರಿಂಗ್ ಬೇಡ ಅಂತ ಮೇಸ್ತ್ರಿ ಹೇಳುವುದು ಅದರ ಉಪಯೋಗ ಗೊತ್ತಿಲ್ಲದೆ ಅಲ್ಲ. ಬೀಮ್ ಕಂಬಿ ಕೂತ ಮೇಲೆ ಅಲ್ಲಿ ರಿಂಗ್ ತೂರಿಸಲು ಜಾಗವೇ ಇರುವುದಿಲ್ಲ. ಕೆಲಸದ ಕ್ರಮ ಬದಲಿಸಿದರೆ ಮಾತ್ರ ಇದು ಆಗುತ್ತದೆ. ಹೀಗೆ ಮಾಡಿಸಿ:

ಮೊದಲು ಬೀಮ್‌ನ ಕೆಳಗಿನ ಕಂಬಿಗಳನ್ನು ಪಿಲ್ಲರ್ ಕಂಬಿಗಳ ನಡುವೆ ಹಾಯಿಸಿ ಕೂರಿಸಿ. ಆಮೇಲೆ ಪಿಲ್ಲರ್ ಕಂಬಿಗಳ ತುದಿಯಿಂದ, ಮೇಲಿಂದ ಕೆಳಕ್ಕೆ, ಜಾಯಿಂಟ್‌ಗೆ ಬೇಕಾದಷ್ಟೂ ರಿಂಗ್‌ಗಳನ್ನು ಇಳಿಸಿ. ಅವು ಕೆಳಗಿನ ಕಂಬಿಗಳ ಮೇಲೆ ಒಂದರ ಮೇಲೊಂದು ಕೂರುತ್ತವೆ. ಈಗ ಬೀಮ್‌ನ ಮೇಲಿನ ಕಂಬಿಗಳನ್ನು ಹಾಯಿಸಿ. ಕೊನೆಗೆ ಒಂದೊಂದೇ ರಿಂಗನ್ನು ಮೇಲೆತ್ತಿ, ಅಂತರ ಸರಿ ಮಾಡಿ, ನಾಲ್ಕೂ ಮೂಲೆಯಲ್ಲಿ ಬೈಂಡಿಂಗ್ ವೈರ್ ಬಿಗಿಯಿರಿ. ಕೈ ಆಡಲು ಬೀಮ್‌ನ ಒಂದು ಬದಿಯ ಸೆಂಟ್ರಿಂಗ್ ಹಲಗೆಯನ್ನು ಆಗ ಮುಚ್ಚಿರಬಾರದು. ಇದು ಮುಗಿದ ಮೇಲೆ ಮುಚ್ಚಿ.

ಎರಡು ದಿಕ್ಕಿನ ಬೀಮ್ ಸೇರುವಲ್ಲಿ ಮೊದಲು ಎರಡೂ ದಿಕ್ಕಿನ ಕೆಳಗಿನ ಕಂಬಿ, ಆಮೇಲೆ ರಿಂಗ್, ಆಮೇಲೆ ಎರಡೂ ದಿಕ್ಕಿನ ಮೇಲಿನ ಕಂಬಿ. ಬೀಮ್ ಪಂಜರವನ್ನು ಮೇಲೆ ಕಟ್ಟಿ ಕೆಳಗಿಳಿಸುವ ಅಭ್ಯಾಸ ನಿಮ್ಮ ತಂಡದ್ದಾದರೆ, ಪಂಜರ ಇನ್ನೂ ಮೇಲಿರುವಾಗಲೇ ಜಾಯಿಂಟ್ ರಿಂಗ್‌ಗಳನ್ನು ಅದರ ನಡುವೆ ಕಟ್ಟಿಬಿಟ್ಟು ಎಲ್ಲವನ್ನೂ ಒಟ್ಟಿಗೆ ಇಳಿಸಬಹುದು. ಎರಡು ಯು ತುಂಡು ಎದುರುಬದುರು ತೂರಿಸಿ ರಿಂಗ್ ಅಂತ ತೋರಿಸುವುದನ್ನು ಇಂಜಿನಿಯರ್ ಒಪ್ಪದೆ ಬಿಡಬೇಡಿ.

ಅಂತರ ಎಷ್ಟು? ಮೂರು ಅಂಕಿ ನೋಡಿ ಅತಿ ಕಮ್ಮಿಯದ್ದನ್ನು ತೆಗೆದುಕೊಳ್ಳಬೇಕು: ಪಿಲ್ಲರ್‌ನ ಚಿಕ್ಕ ಬದಿಯ ಕಾಲು ಭಾಗ, ಪಿಲ್ಲರ್‌ನ ಅತಿ ಸಣ್ಣ ಉದ್ದಕಂಬಿಯ ದಪ್ಪದ 6 ಪಟ್ಟು, 100 ಮಿಲಿಮೀಟರ್. 300ರ ಪಿಲ್ಲರ್, 12ರ ಕಂಬಿ ಅಂದರೆ 75, 72, 100. ಹಾಗಾದರೆ 70ಕ್ಕೆ ಒಂದು ಹಾಕಿ. 450 ಎತ್ತರದ ಬೀಮ್ ಒಳಗೆ ಐದು ರಿಂಗ್ ಬರುತ್ತವೆ. ನಾಲ್ಕೂ ಕಡೆ ಬೀಮ್ ಇದ್ದು, ಪ್ರತಿ ಬೀಮ್‌ನ ಅಗಲ ಪಿಲ್ಲರ್ ಅಗಲದ ಮುಕ್ಕಾಲು ಭಾಗಕ್ಕೆ ಕಮ್ಮಿ ಇಲ್ಲದಿದ್ದರೆ ಮಾತ್ರ ಇದರ ಅರ್ಧದಷ್ಟು ರಿಂಗ್ ಸಾಕು. ಆಗಲೂ ಅಂತರ 150 ಮೀರಬಾರದು. ಜಾಯಿಂಟ್‌ನ ಮೇಲೆ, ಕೆಳಗೆ ಪಿಲ್ಲರ್‌ನಲ್ಲೂ ಇದೇ ಒತ್ತಾದ ರಿಂಗ್ ಕನಿಷ್ಠ 450 ಮಿಲಿಮೀಟರ್ ಮುಂದುವರಿಯಬೇಕು. ಪಿಲ್ಲರ್‌ನ ದೊಡ್ಡ ಬದಿ ಅಥವಾ ಪಿಲ್ಲರ್ ಎತ್ತರದ ಆರನೇ ಒಂದು ಭಾಗ 450ಕ್ಕಿಂತ ಜಾಸ್ತಿ ಇದ್ದರೆ ಅಷ್ಟರವರೆಗೆ. ಬೀಮ್‌ನ ಮೊದಲ ರಿಂಗ್ ಪಿಲ್ಲರ್ ಮುಖದಿಂದ 50 ಮಿಲಿಮೀಟರ್ ಒಳಗೇ ಇರಬೇಕು.

ರಿಂಗಿನ ಕೊಕ್ಕೆ ನೋಡಿ. ತುದಿಯನ್ನು ಬರೀ 90 ಡಿಗ್ರಿಗೆ ಮಡಚಿದ್ದರೆ ವಾಪಸ್ ಕಳಿಸಿ. 135 ಡಿಗ್ರಿ ಬೇಕು. ಅಂದರೆ ಕೊಕ್ಕೆಯ ತುದಿ ಪಿಲ್ಲರ್‌ನ ನಡುಭಾಗವನ್ನು ನೋಡುತ್ತಿರಬೇಕು, ಬದಿಗೆ ಅಂಟಿಕೊಂಡು ಮಲಗಿರಬಾರದು. ಮಡಿಕೆ ದಾಟಿದ ನೇರ ತುದಿ ಕನಿಷ್ಠ 65 ಮಿಲಿಮೀಟರ್. ಹೊರಗಿನ ಕವರ್ ಉದುರಿದಾಗ 90 ಡಿಗ್ರಿಯ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, 135ರದ್ದು ಕಾಂಕ್ರೀಟ್ ಒಳಗೇ ಕಚ್ಚಿಕೊಂಡಿರುತ್ತದೆ. ಒಂದು ರಿಂಗಿನ ಕೊಕ್ಕೆ ಈ ಮೂಲೆಯಲ್ಲಿದ್ದರೆ ಮುಂದಿನದು ಬೇರೆ ಮೂಲೆಯಲ್ಲಿರಲಿ. ರಿಂಗ್ ಕಂಬಿ 8 ಮಿಲಿಮೀಟರ್‌ಗಿಂತ ಸಣ್ಣ ಬೇಡ.

ಕಂಬಿ ಕೊಳ್ಳುವಾಗ ಎಫ್‌ಇ 500 ಬದಲು ಎಫ್‌ಇ 500ಡಿ ಕೇಳಿ. ತುಂಡಾಗುವ ಮುಂಚೆ 500 ಕಂಬಿ ಕನಿಷ್ಠ ಶೇ 12ರಷ್ಟು ಹಿಗ್ಗಬೇಕು, 500ಡಿ ಶೇ 16ರಷ್ಟು ಹಿಗ್ಗಬೇಕು ಅನ್ನುವುದು ನಿಯಮ. ಓಲಾಟ ತಡೆಯಲು ಈ ಹಿಗ್ಗುವ ಗುಣವೇ ಮುಖ್ಯ.

ಹಂತ 7: ಲ್ಯಾಪ್ ಮತ್ತು ಪೈಪು

ಎರಡು ಕಂಬಿ ಒಂದರ ಪಕ್ಕ ಒಂದಿಟ್ಟು ಮುಂದುವರಿಸುವುದಕ್ಕೆ ಲ್ಯಾಪ್ ಎನ್ನುತ್ತಾರೆ. ಜಾಯಿಂಟ್ ಒಳಗೆ ಬೀಮ್ ಕಂಬಿಯ ಲ್ಯಾಪ್ ಬೇಡವೇ ಬೇಡ. ಪಿಲ್ಲರ್ ಮುಖದಿಂದ ಬೀಮ್ ಎತ್ತರದ ಎರಡರಷ್ಟು ದೂರದವರೆಗೂ ಬೇಡ. ಪಿಲ್ಲರ್ ಕಂಬಿಯ ಲ್ಯಾಪ್ ಅಂತಸ್ತಿನ ನಡುಭಾಗದಲ್ಲಿ ಬರಬೇಕು. ನಮ್ಮಲ್ಲಿ ಸ್ಲ್ಯಾಬ್ ಮೇಲೆಯೇ ಲ್ಯಾಪ್ ಶುರು ಮಾಡುತ್ತಾರೆ, ಅದನ್ನು ತಪ್ಪಿಸಲು ಕಂಬಿಯನ್ನು ಉದ್ದವಾಗಿ ಬಿಡಲು ಮೊದಲೇ ಹೇಳಿ.

ಕರೆಂಟಿನ ಪೈಪು, ಬಾತ್‌ರೂಮಿನ ಪೈಪು ಜಾಯಿಂಟ್ ಒಳಗೆ ಹಾಯಬಾರದು. ಎಲೆಕ್ಟ್ರಿಷಿಯನ್, ಪ್ಲಂಬರ್ ಇಬ್ಬರಿಗೂ ಮುಂಚಿನ ದಿನವೇ ತಿಳಿಸಿ.

ಹಂತ 8: ಕಾಂಕ್ರೀಟ್ ಹಾಕುವ ದಿನ

ಪಿಲ್ಲರ್ ಕಾಂಕ್ರೀಟನ್ನು ಬೀಮ್‌ನ ತಳದ ಮಟ್ಟಕ್ಕೆ ನಿಲ್ಲಿಸಿರುತ್ತಾರೆ. ಜಾಯಿಂಟ್ ತುಂಬುವುದು ಬೀಮ್, ಸ್ಲ್ಯಾಬ್ ಜೊತೆಗೆ. ಅಷ್ಟರಲ್ಲಿ ಆ ಗುಂಡಿಯಲ್ಲಿ ಮರದ ಹೊಟ್ಟು, ವೈರ್ ತುಂಡು, ಬೀಡಿ ಚೂರು, ಕಾಗದ ಎಲ್ಲಾ ಬಿದ್ದಿರುತ್ತದೆ. ಬೆಳಗ್ಗೆ ಟಾರ್ಚ್ ಬಿಟ್ಟು ಪ್ರತಿ ಜಾಯಿಂಟ್ ಒಳಗೆ ನೋಡಿ. ಕಸ ತೆಗೆಸಿ. ಪಿಲ್ಲರ್ ತಲೆಯ ಮೇಲೆ ಕಟ್ಟಿದ ಸಡಿಲ ಸಿಮೆಂಟ್ ಪದರವನ್ನು ಕೆರೆಸಿ, ಜಲ್ಲಿ ಕಾಣುವಂತೆ ಮಾಡಿಸಿ, ನೀರಿನಿಂದ ತೊಳೆಸಿ. ಪ್ರತಿ ಜಾಯಿಂಟ್‌ನದ್ದೂ ಒಂದೊಂದು ಫೋಟೋ ತೆಗೆದಿಡಿ, ಪಿಲ್ಲರ್ ನಂಬರ್ ಕಾಣುವಂತೆ.

ಕಂಬಿ ಒತ್ತಾಗಿರುವ ಜಾಗದಲ್ಲಿ 20 ಮಿಲಿಮೀಟರಿನ ಜಲ್ಲಿ ಇಳಿಯದಿರಬಹುದು. ಅಲ್ಲಿಗೆ ಸಣ್ಣ ಜಲ್ಲಿಯ ಮಿಶ್ರಣ ಮಾಡಿಸಿ, ಸಿಮೆಂಟ್ ಪ್ರಮಾಣ ಇಂಜಿನಿಯರ್ ಹೇಳಿದಂತೆ. ಸಣ್ಣ ಸೂಜಿಯ ವೈಬ್ರೇಟರ್ ತರಿಸಿ. ದಪ್ಪ ಸೂಜಿ ಒಳಗೆ ಹೋಗುವುದೇ ಇಲ್ಲ. "ಇಳೀತಿಲ್ಲ, ಸ್ವಲ್ಪ ನೀರು ಹಾಕಿ" ಅನ್ನುವ ಮಾತು ಬಂದೇ ಬರುತ್ತದೆ. ಬಿಡಬೇಡಿ. ನೀರು ಹೆಚ್ಚಾದರೆ ಹಂತ 4ರಲ್ಲಿ ಹಿಡಿದ ಎಂ25 ಅನ್ನುವ ಅಂಕಿಯೇ ಸುಳ್ಳಾಗುತ್ತದೆ. ಕಾಂಕ್ರೀಟ್ ಹರಿಯಬೇಕಿದ್ದರೆ ಪ್ಲಾಸ್ಟಿಸೈಸರ್ ಎಂಬ ರಾಸಾಯನಿಕ ಸಿಗುತ್ತದೆ, ಅದನ್ನು ಅಳತೆಯಲ್ಲಿ ಹಾಕಿಸಿ. ದಿನದ ಕೆಲಸ ಜಾಯಿಂಟ್ ನಡುವೆ ನಿಲ್ಲಬಾರದು.

ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್ ಆದರೆ ಕನಿಷ್ಠ 10 ದಿನ ನೀರು ಹಾಕಿ, ಬಿಸಿಲು ಜೋರಿದ್ದರೆ 14 ದಿನ. 6 ಮೀಟರ್ ಒಳಗಿನ ಬೀಮ್‌ಗಳ ಕೆಳಗಿನ ಆಸರೆಯನ್ನು 14 ದಿನ ತೆಗೆಯಬೇಡಿ.

ಹಂತ 9: ಸೆಂಟ್ರಿಂಗ್ ಬಿಚ್ಚಿದ ಮೇಲೆ

ಹಲಗೆ ತೆಗೆದ ತಕ್ಷಣ ಜಾಯಿಂಟ್‌ಗಳನ್ನು ನೋಡಿ. ಜಲ್ಲಿ ಎದ್ದು ಕಾಣುತ್ತಾ, ನಡುವೆ ತೂತು ತೂತಾಗಿದ್ದರೆ ಅದಕ್ಕೆ ಹನಿಕೋಂಬ್ ಎನ್ನುತ್ತಾರೆ. ಇಂಜಿನಿಯರ್ ಬರುವ ಮುಂಚೆ ಯಾರೂ ಅದರ ಮೇಲೆ ಗಾರೆ ಮೆತ್ತದಂತೆ ನೋಡಿಕೊಳ್ಳಿ. ಮೇಲ್ಮೈಯಲ್ಲಷ್ಟೇ ಇದ್ದರೆ ಸಡಿಲ ಇರುವುದನ್ನು ಕೆತ್ತಿ, ಕುಗ್ಗದ ಗ್ರೌಟ್ ತುಂಬಿಸುತ್ತಾರೆ. ಕಂಬಿಯ ಹಿಂದೆಯೂ ಪೊಳ್ಳು ಇದ್ದರೆ ಮೇಲಿನ ಭಾರಕ್ಕೆ ಆಸರೆ ಕೊಟ್ಟು, ಪೂರ್ತಿ ಕೆತ್ತಿ ತುಂಬಬೇಕಾಗುತ್ತದೆ. ಖರ್ಚಾಗುತ್ತದೆ, ಆದರೆ ಈ ಹಂತದಲ್ಲೇ ಮಾಡಿಸಿದರೆ ಎಷ್ಟೋ ಅಗ್ಗ.

ಹಳೇ ಮನೆಯ ಮೇಲೆ ಇನ್ನೊಂದು ಮಹಡಿ ಏರಿಸುವ ಯೋಚನೆ ಇದ್ದವರಿಗೆ ಒಂದು ಮಾತು. ಕೆಳಗಿನ ಜಾಯಿಂಟ್‌ಗಳಲ್ಲಿ ರಿಂಗ್ ಇದೆಯಾ ಇಲ್ಲವಾ ಅನ್ನುವುದು ಹೊರಗಿನಿಂದ ನೋಡಿ ಗೊತ್ತಾಗುವುದಿಲ್ಲ. ಕಂಬಿ ಪತ್ತೆ ಹಚ್ಚುವ ಯಂತ್ರದಿಂದ ಒಂದೆರಡು ಮೂಲೆ ಜಾಯಿಂಟ್‌ಗಳನ್ನು ಪರೀಕ್ಷೆ ಮಾಡಿಸಿ, ಬೇಕಾದರೆ ಒಂದು ಕಡೆ ಕವರ್ ಕೆತ್ತಿಸಿ ಕಣ್ಣಾರೆ ನೋಡಿ. ರಿಂಗ್ ಇಲ್ಲ, ಪಿಲ್ಲರ್ 9 ಇಂಚಿನ ಚೌಕ ಅಂತಾದರೆ, ಪಿಲ್ಲರ್ ಮತ್ತು ಜಾಯಿಂಟ್ ಸುತ್ತ ಹೊಸ ಕಂಬಿ, ಹೊಸ ಕಾಂಕ್ರೀಟ್ ಕೊಟ್ಟು ದಪ್ಪ ಮಾಡುವ ಜಾಕೆಟಿಂಗ್ ಮಾಡಿಸದೆ ಮೇಲೆ ಏರಿಸಬೇಡಿ. ಜಾಕೆಟಿಂಗ್ ಮಾಡುವಾಗಲೂ ಹೊಸ ಕಂಬಿಗಳು ಸ್ಲ್ಯಾಬ್ ತೂತು ಮಾಡಿ ಜಾಯಿಂಟ್ ದಾಟಿ ಮೇಲೆ ಹೋಗಬೇಕು. ಬೀಮ್ ತಳದಲ್ಲಿ ನಿಲ್ಲಿಸಿದರೆ ಪಿಲ್ಲರ್ ದಪ್ಪ ಆಗಿರುತ್ತದೆ, ಜಾಯಿಂಟ್ ಹಾಗೇ ಉಳಿದಿರುತ್ತದೆ. ಕಂಟ್ರಾಕ್ಟರ್ ಕೊಡುವ ಕೊಟೇಶನ್‌ನಲ್ಲಿ ಈ ಕೆಲಸ ಬೇರೆ ಸಾಲಾಗಿ ಬರೆದಿದೆಯಾ ಅಂತ ನೋಡಿಕೊಂಡೇ ಸಹಿ ಹಾಕಿ.